15 ಸಲ ರೇಡಿಯೇಷನ್ ಸಾಕು ಅಂದ್ರು, ಪಕ್ಕದವರಿಗೆ 33: ಯಾಕೆ ಹೀಗೆ?

ಡೊಂಬಿವಲಿ ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 61 ವರ್ಷ. ಎಡ ಸ್ತನದಲ್ಲಿ ಗಂಟು ಇತ್ತು. ಸ್ತನ ಉಳಿಸಿ ಗಂಟು ಮಾತ್ರ ತೆಗೆದಿದ್ದಾರೆ, ಕೀಮೋ ಕೂಡ ಮುಗಿದಿದೆ. ಈಗ ರೇಡಿಯೇಷನ್ ಬರೆದಿದ್ದಾರೆ. 15 ಸಿಟಿಂಗ್, ಮೂರು ವಾರ ಸಾಕು ಅಂದ್ರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಅಜ್ಜನ ಮಗ ಮಾತಿಗೆ ಸಿಕ್ಕರು. ಅವರ ತಂದೆಗೆ 33 ಅಂತೆ. ಅಲ್ಲಿಂದ ನಮ್ಮ ಮಾವನವರಿಗೆ ಒಂದೇ ಚಿಂತೆ, ನಮಗೆ ಯಾಕೆ ಅರ್ಧಕ್ಕೇ ಮುಗಿಸುತ್ತಾರೆ ಅಂತ. ಮೈದುನ ಯೂಟ್ಯೂಬ್ ನೋಡಿಕೊಂಡು ಪ್ರೋಟಾನ್ ಅನ್ನುವ ಬೇರೆ ಥರದ ರೇಡಿಯೇಷನ್ ಕೊಡಿಸೋಣ, ಸಾಲ ಮಾಡಿದರೂ ಪರವಾಗಿಲ್ಲ ಅನ್ನುತ್ತಿದ್ದಾನೆ. ಇನ್ನೊಂದು ವಿಷಯ. ನನ್ನ ಮಗಳಿಗೆ 3 ವರ್ಷ, ಅಜ್ಜಿಯ ತೊಡೆ ಬಿಟ್ಟು ಇಳಿಯುವುದಿಲ್ಲ. ರೇಡಿಯೇಷನ್ ತಗೊಂಡು ಬಂದವರ ಹತ್ತಿರ ಮಗು ಬಿಡಬಹುದಾ? ಗೊತ್ತಿರುವವರು ಹೇಳಿ.

ನಿರ್ವಾಹಕ:
ಫೋನ್ ನಂಬರ್, ರಿಪೋರ್ಟಿನ ಫೋಟೋ ಇಲ್ಲಿ ಹಾಕಬೇಡಿ. ಆಸ್ಪತ್ರೆ, ಡಾಕ್ಟರ ಹೆಸರು ಹಿಡಿದು ದೂರುವುದೂ ಬೇಡ.

ಖಾರ್ಘರ್ ಕನ್ನಡಿಗ:
ಅಕ್ಕಾ, ನಾನು ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ರೇಡಿಯೇಷನ್ ಮಷೀನ್ ನಡೆಸುವ ಟೆಕ್ನಾಲಜಿಸ್ಟ್. ಡಾಕ್ಟರ್ ಅಲ್ಲ. ಆದರೆ ನಿಮ್ಮ ಮಾವನವರ ಪ್ರಶ್ನೆ ನಮ್ಮ ಕಿವಿಗೆ ದಿನಾ ಬೀಳುತ್ತದೆ.

ಸಿಟಿಂಗ್ ಎಣಿಸಿ ಹೋಲಿಸಲು ಹೋಗಬೇಡಿ. ರೇಡಿಯೇಷನ್ ಅಳೆಯುವುದು ಗ್ರೇ ಲೆಕ್ಕದಲ್ಲಿ. ಸ್ತನಕ್ಕೆ ಮೊದಲೆಲ್ಲ 50 ಗ್ರೇಯನ್ನು 25 ಸಲಕ್ಕೆ ಹಂಚಿ ಐದು ವಾರ ಕೊಡುತ್ತಿದ್ದರು. ಸಲಕ್ಕೆ 2 ಗ್ರೇ. ಬ್ರಿಟನ್ನಿನಲ್ಲಿ ಸ್ಟಾರ್ಟ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. 40 ಗ್ರೇಯನ್ನು 15 ಸಲಕ್ಕೇ ಮುಗಿಸಿ ನೋಡಿದರು, ಸಲಕ್ಕೆ 2.67 ಗ್ರೇ. ಹತ್ತು ವರ್ಷದ ಫಲಿತಾಂಶ 2013ರಲ್ಲಿ ಬಂತು. ಕಾಯಿಲೆ ತಡೆಯುವುದರಲ್ಲಿ ಏನೂ ಹಿಂದೆ ಬಿದ್ದಿರಲಿಲ್ಲ. ಸ್ತನ ಕುಗ್ಗುವುದು, ಚರ್ಮ ಕೆಡುವುದು ಇನ್ನೂ ಕಡಿಮೆ ಇತ್ತು. 2020ರಲ್ಲಿ ಫಾಸ್ಟ್ ಫಾರ್ವರ್ಡ್ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 26 ಗ್ರೇ, ಐದೇ ಸಲ, ಒಂದು ವಾರಕ್ಕೆ ಮುಗಿಯುತ್ತದೆ. ಹಾಗಾಗಿ 15 ಅಂದರೆ ಅರ್ಧ ಕೊಟ್ಟು ಕಳಿಸಿದ ಹಾಗಲ್ಲ. ಗಂಟು ಇದ್ದ ಜಾಗಕ್ಕೆ ಮಾತ್ರ ಬೂಸ್ಟ್ ಅಂತ ಇನ್ನೊಂದಿಷ್ಟು ಸೇರಿಸುವುದೂ ಉಂಟು. ನಿಮ್ಮತ್ತೆಗೆ ಅದು ಬೇಕಾ ಅಂತ ಡಾಕ್ಟರನ್ನೇ ಕೇಳಿ.

ಆ ಅಜ್ಜನಿಗೆ ಬಹುಶಃ ಬಾಯಿಯದೋ ಗಂಟಲಿನದೋ ಇರಬೇಕು. ಅಲ್ಲಿ 66 ಗ್ರೇ, 33 ಸಲ ಅನ್ನುವುದು ಮಾಮೂಲಿ. ದವಡೆ, ಜೊಲ್ಲಿನ ಗ್ರಂಥಿ, ಬೆನ್ನುಹುರಿ ಎಲ್ಲ ಒತ್ತಿಕೊಂಡಿರುವ ಜಾಗ ಅದು. ಒಂದೇ ಸಲಕ್ಕೆ ಜಾಸ್ತಿ ಕೊಟ್ಟರೆ ಒಳ್ಳೆಯ ಭಾಗಕ್ಕೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಮಗುವಿನ ವಿಷಯಕ್ಕೆ ಧೈರ್ಯವಾಗಿರಿ. ಲಿನ್ಯಾಕ್, ಅಂದರೆ ನಾವು ರೇಡಿಯೇಷನ್ ಕೊಡುವ ಮಷೀನ್, ಆನ್ ಇದ್ದಾಗ ಮಾತ್ರ ಎಕ್ಸರೇ ಹುಟ್ಟುತ್ತದೆ. ಬಲ್ಬ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಇದೂ ಅಷ್ಟೇ. ಅತ್ತೆ ಮನೆಗೆ ಬಂದ ಕೂಡಲೇ ಮಗಳು ತೊಡೆ ಹತ್ತಲಿ, ಏನೂ ಆಗುವುದಿಲ್ಲ. ಆ ಕಡೆಯ ತೋಳು, ಎದೆಗೆ ಒದೆಯದ ಹಾಗೆ ನೋಡಿಕೊಂಡರೆ ಸಾಕು, ಚರ್ಮ ನೋಯುತ್ತಿರುತ್ತದೆ.

ಸತ್ಯವಾದಿ ಪುಣೆ:
ಒಂದು ಮಾತು ಯಾರೂ ಹೇಳುವುದಿಲ್ಲ. ರೇಡಿಯೇಷನ್ನಿಂದಲೇ ಕ್ಯಾನ್ಸರ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದನ್ನೇ ಔಷಧಿ ಅಂತ ಕೊಡುವುದು ಎಂಥ ನ್ಯಾಯ? ನಮ್ಮ ಪರಿಚಯದವರೊಬ್ಬರು ಗೋಧಿ ಹುಲ್ಲಿನ ರಸ ಕುಡಿದೇ ವಾಸಿಯಾಗಿದ್ದಾರೆ.

ಖಾರ್ಘರ್ ಕನ್ನಡಿಗ:
ಸಾರ್, ಮೊದಲ ಮಾತು ಪೂರ್ತಿ ಸುಳ್ಳಲ್ಲ. ರೇಡಿಯೇಷನ್ ಪಡೆದ ಜಾಗದಲ್ಲಿ ಹತ್ತಾರು ವರ್ಷಗಳ ಮೇಲೆ ಇನ್ನೊಂದು ಕ್ಯಾನ್ಸರ್ ಬರುವ ಸಣ್ಣ ಅಪಾಯ ಇದೆ. ಡಾಕ್ಟರುಗಳು ಅದನ್ನು ಮುಚ್ಚಿಡುವುದಿಲ್ಲ. ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ, ನಾವು ಓದದೆ ಸಹಿ ಹಾಕುತ್ತೇವೆ ಅಷ್ಟೇ. ಆದರೆ ಈಗ ಮೈಯಲ್ಲಿರುವ ಕ್ಯಾನ್ಸರ್ ಹತ್ತಾರು ವರ್ಷ ಕಾಯುವುದಿಲ್ಲ ಅಲ್ವಾ?

ಪ್ರೋಟಾನ್‌ನ ಉಪಯೋಗ ಗೊತ್ತಾಗುವುದು ಇಲ್ಲೇ. ಎಕ್ಸರೇ ಮೈಯೊಳಗೆ ಹೊಕ್ಕು ಇನ್ನೊಂದು ಬದಿಗೆ ಹೊರಟುಹೋಗುತ್ತದೆ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಬಿಟ್ಟುಕೊಂಡು. ಪ್ರೋಟಾನ್ ಒಂದು ಆಳಕ್ಕೆ ಹೋಗಿ ಅಲ್ಲೇ ತನ್ನ ಶಕ್ತಿಯ ಬಹುಪಾಲು ಬಿಟ್ಟು ನಿಂತುಬಿಡುತ್ತದೆ. ಆಚೆಗೆ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಅದಕ್ಕೇ ಮಕ್ಕಳ ಮೆದುಳಿನ ಗೆಡ್ಡೆ, ತಲೆಬುರುಡೆಯ ತಳದ ಗೆಡ್ಡೆ, ಬೆನ್ನುಹುರಿಗೆ ತಾಗಿಕೊಂಡ ಗೆಡ್ಡೆ ಇಂಥವಕ್ಕೆ ಅದು ಚೆನ್ನ. ಬೆಳೆಯುವ ಮಕ್ಕಳಿಗೆ ಮುಂದೆ ಬಾಳಬೇಕಾದ ವರ್ಷಗಳು ಜಾಸ್ತಿ ನೋಡಿ. ದೇಶದಲ್ಲಿ ಮೊದಲು 2019ರಲ್ಲಿ ಚೆನ್ನೈಯಲ್ಲಿ ಶುರುವಾಯಿತು. ಇಲ್ಲಿ ಖಾರ್ಘರಿನ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ 2023ರಿಂದ ಕೊಡುತ್ತಿದ್ದಾರೆ. 61 ವರ್ಷದ ಅತ್ತೆಯ ಸ್ತನಕ್ಕೆ ಸಾಲ ಮಾಡಿ ಪ್ರೋಟಾನ್ ಹುಡುಕಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಮೈದುನನಿಗೆ ಸಂಶಯ ಇದ್ದರೆ "ನಮ್ಮ ಕೇಸಿನಲ್ಲಿ ಪ್ರೋಟಾನ್‌ನಿಂದ ಏನು ಹೆಚ್ಚು ಸಿಗುತ್ತದೆ" ಅಂತ ರೇಡಿಯೇಷನ್ ಡಾಕ್ಟರನ್ನು ನೇರ ಕೇಳಲಿ.

ಹುಲ್ಲಿನ ರಸದ ಬಗ್ಗೆ ಜಗಳ ಆಡುವುದಿಲ್ಲ. ಏನು ಕುಡಿಯುತ್ತಿದ್ದರೂ ಡಾಕ್ಟರಿಗೆ ಹೇಳಿ ಕುಡಿಯಿರಿ. ಅದನ್ನು ನಂಬಿ ಚಿಕಿತ್ಸೆ ಮುಂದೂಡಿದವರು ಗೆಡ್ಡೆ ದೊಡ್ಡದಾದ ಮೇಲೆ ನಮ್ಮ ಟೇಬಲ್ಲಿಗೇ ಬರುತ್ತಾರೆ. ಆಗ ವಾಸಿ ಮಾಡುವ ಡೋಸ್ ಬಿಟ್ಟು ನೋವು ಇಳಿಸುವ ಡೋಸ್ ಕೊಡಬೇಕಾಗುತ್ತದೆ.

ಆಳಂದದ ಮಗ:
ನಾವು ಕಲಬುರಗಿ ಕಡೆಯವರು ರೀ. ನಾನು ಭಾಂಡುಪ್‌ನಲ್ಲಿ ಇದ್ದೇನೆ. ನಮ್ಮ ಅಪ್ಪಾರಿಗೆ ಕೆನ್ನೆಯ ಒಳಗೆ ಆಗಿತ್ತು. ತಂಬಾಕು, ಸುಣ್ಣ, ಮತ್ತೇನು. ಆಪರೇಷನ್ ಮಾಡಿ ಆಮೇಲೆ ರೇಡಿಯೇಷನ್ ಕೊಟ್ಟರು. ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕತ್ತರಿ ಮೊದಲು, ರೇಡಿಯೇಷನ್ ಆಮೇಲೆ ಅಂದರು. ಪಕ್ಕದ ಹಾಸಿಗೆಯವರಿಗೆ ಧ್ವನಿಪೆಟ್ಟಿಗೆಯಲ್ಲಿ ಸಣ್ಣದಾಗಿ ಶುರುವಾಗಿತ್ತು. ಅವರಿಗೆ ಆಪರೇಷನ್ನೇ ಇಲ್ಲ, ಬರೀ ರೇಡಿಯೇಷನ್. ಧ್ವನಿ ಉಳಿಯುತ್ತದೆ ಅನ್ನುವುದೇ ಕಾರಣ.

ರೇಡಿಯೇಷನ್ ಕೊಡುವಾಗ ತಲೆ ಅಲುಗದ ಹಾಗೆ ಹಾಕುವ ಮಾಸ್ಕ್ ಮಾಡುವುದನ್ನು ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಬಿಳಿ ಪ್ಲಾಸ್ಟಿಕ್ ಹಾಳೆ, ತುಂಬಾ ತೂತು. ಬಿಸಿನೀರಿನ ಟ್ರೇಯಲ್ಲಿ ಹಾಕಿದರೆ ಮೆತ್ತಗಾಗಿ ಪಾರದರ್ಶಕ ಆಗುತ್ತದೆ. ಇಬ್ಬರು ಹಿಡಿದು ಎತ್ತಿ, ನೀರು ಸುರಿಸಿ, ಮುಖದ ಮೇಲೆ ಎಳೆದು ಟೇಬಲ್ಲಿಗೆ ಕ್ಲಿಪ್ ಹಾಕಿದರು. ಮೂಗು, ಗದ್ದ, ಹುಬ್ಬಿನ ಮೇಲೆ ಬೆರಳಿಂದ ಒತ್ತಿದರು. ಕೆಲವೇ ನಿಮಿಷಕ್ಕೆ ತಣ್ಣಗಾಗಿ ಗಟ್ಟಿ. ಅಪ್ಪಾರು ಮೊದಲ ದಿನ ಉಸಿರು ಕಟ್ಟುತ್ತದೆ ಅಂತ ಗಾಬರಿಯಾದರು. ಒಳಗೆ ಕ್ಯಾಮೆರಾ ಇದೆ, ಕೈ ಎತ್ತಿದರೆ ಮಷೀನ್ ನಿಲ್ಲಿಸುತ್ತೇವೆ ಅಂತ ಕನ್ನಡ ಬರುವ ಸಿಸ್ಟರ್ ಒಬ್ಬರು ಹೇಳಿದ ಮೇಲೆ ಸುಮ್ಮನಾದರು. ಆ ಸಿಸ್ಟರ್ ಬೆಳಗಾವಿಯವರು.

ಕಷ್ಟ ಶುರುವಾಗುವುದು ಎರಡನೇ, ಮೂರನೇ ವಾರದಿಂದ ರೀ. ಬಾಯೆಲ್ಲ ಹುಣ್ಣು. ಜೊಲ್ಲು ಅಂಟು ಅಂಟು. ಊಟದ ರುಚಿ ಹೋಗಿ, ಉಪ್ಪು ಹಾಕಿಲ್ಲ ಅಂತ ನಮ್ಮ ಅವ್ವನ ಮೇಲೆ ರೇಗುತ್ತಿದ್ದರು. ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ಬಾಳದ ಮನುಷ್ಯ, ಹಾಲಲ್ಲಿ ನೆನೆಸಿದ ರೊಟ್ಟಿಯೂ ನುಂಗಲಾಗಲಿಲ್ಲ. ಅಂಬಲಿ, ತೆಳು ಗಂಜಿ, ಮೊಟ್ಟೆ ಕಲಸಿದ ಹಾಲು ಇದರ ಮೇಲೆ ಕಾಲ ಕಳೆದರು. ತೂಕ ಇಳಿಯುತ್ತಿದೆ ಅಂತ ಮೂಗಿನ ನಳಿಗೆ ಹಾಕಿದರು. ನಳಿಗೆ ಅಂದರೆ ಕೊನೆಗಾಲ ಅಂತ ಊರಿಂದ ಫೋನ್ ಮೇಲೆ ಫೋನ್. ಹಾಗೇನಿಲ್ಲ ರೀ, ಮುಗಿದ ಮೇಲೆ ತೆಗೆದರು.

ಇನ್ನೊಂದು. ರೇಡಿಯೇಷನ್‌ಗೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಕೆಟ್ಟ ಹಲ್ಲು ಮೊದಲೇ ಕೀಳಿಸಿ, ಗಾಯ ಮಾಯಲು ಎರಡು ವಾರ ಬಿಡುತ್ತಾರೆ. ರೇಡಿಯೇಷನ್ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯುವುದಿಲ್ಲ, ಎಲುಬೇ ಕೊಳೆಯುವ ಭಯ ಇರುತ್ತದೆ. ವರ್ಷ ಕಳೆದ ಮೇಲೂ ಅಷ್ಟೇ. ಊರಲ್ಲಿ ಹಲ್ಲು ನೋವು ಅಂತ ಸುಮ್ನೆ ಹೋಗಿ ಕೀಳಿಸಬೇಡಿ. ಬಾಯಿ ತೆರೆಯುವ ವ್ಯಾಯಾಮವನ್ನೂ ಬಿಡಬೇಡಿ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡುವುದು, ವಾರಕ್ಕೊಂದು ಕಡ್ಡಿ ಹೆಚ್ಚಿಸುವುದು. ಅಪ್ಪಾರು ಈಗಲೂ ಟಿವಿ ನೋಡುತ್ತಾ ಮಾಡುತ್ತಾರೆ.

ಡೊಂಬಿವಲಿ ಸೊಸೆ:
ಅಣ್ಣಾ, ಓದಿ ಕಣ್ಣು ತುಂಬಿತು. ಅತ್ತೆಗೂ ಹೀಗೆಲ್ಲ ಆಗುತ್ತದಾ? ಕೂದಲು ಮತ್ತೆ ಉದುರುತ್ತದಾ? ಕೀಮೋ ಆದ ಮೇಲೆ ಈಗಷ್ಟೇ ಚಿಗುರುತ್ತಿದೆ.

ಖಾರ್ಘರ್ ಕನ್ನಡಿಗ:
ಇಲ್ಲ ಅಕ್ಕಾ. ಕೀಮೋ ಮೈಯೆಲ್ಲ ಸುತ್ತುತ್ತದೆ, ರೇಡಿಯೇಷನ್ ಬಿದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸ್ತನಕ್ಕೆ ಕೊಟ್ಟರೆ ತಲೆಕೂದಲು ಉದುರುವುದಿಲ್ಲ, ಬಾಯಿ ಹುಣ್ಣಾಗುವುದಿಲ್ಲ. ಚರ್ಮ ಕೆಂಪಗೆ, ಕಪ್ಪಗೆ ಆಗಬಹುದು, ಕಂಕುಳ ಮತ್ತು ಸ್ತನದ ಕೆಳಗಿನ ಮಡಿಕೆಯಲ್ಲಿ ಜಾಸ್ತಿ. ಸುಸ್ತು ಇರುತ್ತದೆ. ಒಂದು ತಿಳಿದಿರಲಿ, ಚರ್ಮದ ತೊಂದರೆ ಜೋರಾಗುವುದು ಸಿಟಿಂಗ್ ಮುಗಿದ ಮೇಲಿನ ಒಂದೆರಡು ವಾರದಲ್ಲಿ. ಎಲ್ಲ ಮುಗಿಯಿತು, ಈಗ ಯಾಕೆ ಹೀಗೆ ಅಂತ ಗಾಬರಿ ಬೇಡ. ಸಡಿಲ ಹತ್ತಿ ಬಟ್ಟೆ ಹಾಕಿಸಿ. ಪೌಡರ್, ಪರಿಮಳದ ಸೋಪು, ಅರಿಶಿನ ಯಾವುದೂ ಆ ಜಾಗಕ್ಕೆ ಬೇಡ, ಸುಡುವ ನೀರು ಬೇಡ. ಚರ್ಮದ ಮೇಲೆ ಹಾಕಿದ ಗುರುತು ಅಳಿಸಬೇಡಿ, ಅಳಿಸಿತು ಅಂತ ಮನೆಯಲ್ಲೇ ಪೆನ್ನಿಂದ ತಿದ್ದಲೂಬೇಡಿ. ಹಾಗೆ ಮಾಡಿಕೊಂಡು ಬರುವವರಿದ್ದಾರೆ!

ಎಡ ಸ್ತನ ಅಂದಿರಲ್ಲ, ಹೃದಯ ಹಿಂದೆಯೇ ಇರುತ್ತದೆ. ಉಸಿರು ಒಳಗೆ ಎಳೆದು ಹಿಡಿದರೆ ಎದೆಗೂಡು ಉಬ್ಬಿ ಹೃದಯ ದೂರ ಸರಿಯುತ್ತದೆ. ಆ ಹೊತ್ತಿಗೆ ಮಾತ್ರ ಬೀಮ್ ಬಿಡುವ ಪದ್ಧತಿ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಇದ್ದರೆ ಮನೆಯಲ್ಲೇ 20 ಸೆಕೆಂಡ್ ಉಸಿರು ಹಿಡಿಯುವ ಅಭ್ಯಾಸ ಮಾಡಿಸಿ.

ಕಾಪು ಅಕ್ಕ:
ನಾನು ಠಾಣೆಯಲ್ಲಿರುವುದು. ನನ್ನದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹೆಂಗಸರು ಈ ವಿಷಯ ಬಾಯಿಬಿಟ್ಟು ಹೇಳುವುದು ಕಡಿಮೆ, ನಾನು ಹೇಳುತ್ತೇನೆ ಮಾರಾಯ್ರೆ.

ನನಗೆ ಆಪರೇಷನ್ ಮಾಡಲಿಲ್ಲ. ಹೊರಗಿನಿಂದ ಐದು ವಾರ ರೇಡಿಯೇಷನ್, ಅದರ ಜೊತೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಅನ್ನುವ ಕೀಮೋ. ಆಮೇಲೆ ಒಳಗಿನಿಂದ ಕೊಡುವುದು, ಬ್ರಾಕಿಥೆರಪಿ. ತೆಳು ನಳಿಗೆಗಳನ್ನು ಒಳಗೆ ಇಟ್ಟು, ಅದರ ಮೂಲಕ ಇರಿಡಿಯಂ ಅನ್ನುವ ಅಕ್ಕಿಕಾಳಿಗಿಂತ ಸಣ್ಣ ಮೂಲವನ್ನು ಮಷೀನ್ ಕಳಿಸುತ್ತದೆ. ಕೆಲವು ನಿಮಿಷ ನಿಂತು ಅದು ವಾಪಸ್ ಪೆಟ್ಟಿಗೆಗೆ ಹೋಗುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ನಳಿಗೆ ಇಡುವಾಗ ಅರಿವಳಿಕೆ ಕೊಡುತ್ತಾರೆ. ನನಗೆ ನೋವಿಗಿಂತ ನಾಚಿಕೆಯೇ ದೊಡ್ಡದಾಗಿತ್ತು. ಕಾಲು ಅಗಲಿಸಿ ಮಲಗಿ ಅಲುಗಾಡದೆ ಇರುವುದು, ಸುತ್ತ ಜನ. ಆ ನಾಚಿಕೆಗೇ ಎಷ್ಟೋ ಜನ ಹೊರಗಿನ ರೇಡಿಯೇಷನ್ ಮುಗಿಸಿ, ರಕ್ತ ಹೋಗುವುದು ನಿಂತಿತಲ್ಲ, ಸಾಕು ಅಂತ ಊರಿಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನಿಂದ ಅಷ್ಟು ದೊಡ್ಡ ಡೋಸ್ ಕೊಡಲು ಹೋದರೆ ಮೂತ್ರಕೋಶ, ಕರುಳು ಸುಟ್ಟುಹೋಗುತ್ತದೆ. ಗೆಡ್ಡೆಗೆ ಬೇಕಾದ ಪೆಟ್ಟು ಬೀಳುವುದು ಒಳಗಿನದರಿಂದ. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು ಅಂತ ಡಾಕ್ಟರು ಮೊದಲ ದಿನವೇ ನನ್ನ ಗಂಡನಿಗೆ ಒತ್ತಿ ಹೇಳಿದ್ದರು. ನಡುವೆ ನಾಗಮಂಡಲಕ್ಕೆ ಊರಿಗೆ ಹೋಗಲೇಬೇಕು ಅಂತ ಮನೆಯಲ್ಲಿ ದೊಡ್ಡ ಗಲಾಟೆ ಆಯಿತು. ಗಂಡ ಒಬ್ಬರೇ ಹೋಗಿ ಬಂದರು.

ಯಾರೂ ಹೇಳದ ಇನ್ನೊಂದು ವಿಷಯ. ಮುಗಿದ ಮೇಲೆ ಯೋನಿ ಒಣಗಿ ಕಿರಿದಾಗುತ್ತದೆ. ಒಳಗೆ ಇಟ್ಟು ಹಿಗ್ಗಿಸುವ ನಯವಾದ ಕಡ್ಡಿಯಂಥದ್ದು, ಡೈಲೇಟರ್ ಅಂತ ಕೊಡುತ್ತಾರೆ, ಅದನ್ನು ಬಳಸಬೇಕು. ಗಂಡ ಹೆಂಡತಿ ಸೇರಬಹುದಾ ಅಂತ ಡಾಕ್ಟರನ್ನು ಕೇಳಬೇಕು. ನನ್ನನ್ನು ಯಾರೂ ಕೇಳಲಿಲ್ಲ, ನಾನೇ ಕೇಳಿದೆ. ಕೇಳಿದ ಮೇಲೆ ಲೇಡಿ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಚೆನ್ನಾಗಿ ಬಿಡಿಸಿ ಹೇಳಿದರು. ಮುಟ್ಟು ನಿಂತುಹೋಗುತ್ತದೆ ಅನ್ನುವುದನ್ನು ಚಿಕ್ಕ ವಯಸ್ಸಿನವರು ಮೊದಲೇ ತಿಳಿದಿರಬೇಕು.

ಮಾಟುಂಗಾ ಮಾಮ:
ಕಾಪು ಅಕ್ಕ ಇಷ್ಟು ಧೈರ್ಯವಾಗಿ ಬರೆದ ಮೇಲೆ ನಾನೂ ಬರೆಯುತ್ತೇನೆ. ನನ್ನದು ಪ್ರಾಸ್ಟೇಟ್, ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿಯ ಕ್ಯಾನ್ಸರ್. 20 ಸಿಟಿಂಗ್, 60 ಗ್ರೇ, ಜೊತೆಗೆ ಹಾರ್ಮೋನ್ ಇಂಜೆಕ್ಷನ್. ನೋವಿಲ್ಲ, ವಾಸನೆ ಇಲ್ಲ. ಒಂದೇ ಒಂದು ಶಿಕ್ಷೆ, ಮೂತ್ರಕೋಶ ತುಂಬಿರಬೇಕು, ಮಲ ಹೋಗಿ ಹೊಟ್ಟೆ ಖಾಲಿ ಇರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಮೇಲೆ ತಳ್ಳಿ ಬೀಮಿನಿಂದ ದೂರ ಇಡುತ್ತದೆ. ನಾನು ಲೆಕ್ಕ ಹಾಕಿ ನೀರು ಕುಡಿದು ಕೂತರೆ ಮಷೀನ್ ಲೇಟು. 70 ದಾಟಿದವನ ಪ್ರಾಸ್ಟೇಟಿಗೆ ಈ ಪರೀಕ್ಷೆ! ಟೋಕನ್ ಎಲ್ಲಿಗೆ ಬಂತು ಅಂತ ಕೇಳಿಕೊಂಡೇ ನೀರಿನ ಬಾಟಲಿ ತೆರೆಯಿರಿ ಅನ್ನುವುದು ನನ್ನ ಸಲಹೆ.

ಬೀಮ್ ಬಿಡುವುದು ಒಂದೆರಡು ನಿಮಿಷ ಅಷ್ಟೇ. ಸರಿಯಾಗಿ ಮಲಗಿಸಿ, ಸ್ಕ್ಯಾನ್ ತೆಗೆದು ನಿನ್ನೆಯ ಜಾಗಕ್ಕೇ ತರುವುದಕ್ಕೆ ಹೊತ್ತು ಹಿಡಿಯುತ್ತದೆ.

ಸಾಂತಾಕ್ರೂಜ್ ಹುಡುಗಿ:
ಮಗು ಹತ್ತಿರ ಬರಬಹುದಾ ಅನ್ನುವುದಕ್ಕೆ ಒಂದು ಅಪವಾದ ಇದೆ, ಗೊಂದಲ ಆಗಬಾರದು ಅಂತ ಹೇಳುತ್ತಿದ್ದೇನೆ. ನನಗೆ ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆದ ಮೇಲೆ ರೇಡಿಯೋ ಅಯೋಡಿನ್ ಕುಡಿಸಿದರು. ಇದರಲ್ಲಿ ಮೈಯೇ ಕೆಲವು ದಿನ ವಿಕಿರಣ ಸೂಸುತ್ತದೆ. ಕುಡಿಸುವುದು ಅಯೋಡಿನ್ 131, ಅದರ ಅರ್ಧಾಯುಷ್ಯ 8 ದಿನ, ಅಂದರೆ 8 ದಿನಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಒಂಟಿ ಕೋಣೆಯಲ್ಲಿ ಇಟ್ಟು, ಮೀಟರ್ ಹಿಡಿದು ಅಳೆದು ಬಿಟ್ಟರು. ಮನೆಗೆ ಬಂದ ಮೇಲೂ ಬೇರೆ ಹಾಸಿಗೆ, ಬೇರೆ ತಟ್ಟೆ, ಟಾಯ್ಲೆಟ್ ಎರಡೆರಡು ಸಲ ಫ್ಲಶ್. ಅಕ್ಕ ಆಗ ಬಸುರಿ, ಅವಳನ್ನು ತವರಿಂದ ಅವಳ ಮನೆಗೆ ಕಳಿಸಿದೆವು. ಎಷ್ಟು ದಿನ ಅಂತ ಡೋಸ್ ನೋಡಿ ಆಸ್ಪತ್ರೆಯವರೇ ಬರೆದುಕೊಡುತ್ತಾರೆ.

ವಿಜಯಪುರದಿಂದ:
ನಮ್ಮ ಚಿಕ್ಕಪ್ಪಗೆ ಶ್ವಾಸಕೋಶದ್ದು, ಬೆನ್ನೆಲುಬಿಗೆ ಹರಡಿದೆ. ರಾತ್ರಿಯೆಲ್ಲ ನರಳುತ್ತಾರೆ. ಮುಂಬೈಗೇ ಕರೆದುಕೊಂಡು ಬರಬೇಕಾ? ಉಳಿದುಕೊಳ್ಳಲು ಜಾಗ ಸಿಗುತ್ತದಾ?

ಖಾರ್ಘರ್ ಕನ್ನಡಿಗ:
ಅಣ್ಣಾ, ಎಲುಬಿನ ನೋವಿಗಾದರೆ ಅಷ್ಟು ದೂರ ಅಲೆದಾಡಿಸಬೇಡಿ. ಎಷ್ಟೋ ಸಲ 8 ಗ್ರೇ, ಒಂದೇ ಒಂದು ಸಿಟಿಂಗ್ ಸಾಕಾಗುತ್ತದೆ. ನೋವು ಇಳಿಯಲು ಕೆಲವು ದಿನದಿಂದ ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ನೋವಿನ ಮಾತ್ರೆ ನಿಲ್ಲಿಸಬಾರದು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಮೊದಲು ಹತ್ತಿರದಲ್ಲಿ ಕೇಳಿ. ಕಾಲಿನಲ್ಲಿ ಬಲ ಕಡಿಮೆಯಾಯಿತು, ಜೋಮು ಹಿಡಿಯಿತು, ಮೂತ್ರ ಕಟ್ಟಿತು ಅಂದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ. ಗೆಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು. ಅದೇ ದಿನ ಆಸ್ಪತ್ರೆಗೆ ಸೇರಿಸಿ. ತಡವಾದರೆ ನಡಿಗೆ ವಾಪಸ್ ಬರುವುದು ಕಷ್ಟ.

ಕೋಬಾಲ್ಟ್ ಅನ್ನುವ ವಿಕಿರಣ ವಸ್ತು ಬಳಸುವ ಮಷೀನ್ ಇದ್ದರೂ ಇದಕ್ಕೆ ನಡೆಯುತ್ತದೆ. ಹಳೇ ಮಷೀನ್ ಅಂತ ಮೂಗು ಮುರಿಯಬೇಡಿ. ಇಲ್ಲೇ ತ್ರಾಂಬೆಯ ಬಾರ್ಕ್, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದವರು ಭಾಭಾಟ್ರಾನ್ ಅಂತ ಕೋಬಾಲ್ಟ್ ಮಷೀನ್ ಮಾಡಿದ್ದಾರೆ. ಮೆದುಳು, ಪ್ರಾಸ್ಟೇಟಿನಂಥ ನಾಜೂಕು ಕೆಲಸಕ್ಕೆ ಲಿನ್ಯಾಕ್ ಬೇಕು, ಅದು ಬೇರೆ ಮಾತು.

ಆಳಂದದ ಮಗ:
ಮುಂಬೈಗೆ ಬರಲೇಬೇಕಾದರೆ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗೆ ದಾದರಿನಲ್ಲಿ ಗಾಡಗೆ ಮಹಾರಾಜ ಧರ್ಮಶಾಲೆ ಇದೆ. ಮೊದಲು ಆಸ್ಪತ್ರೆಯ ಸಮಾಜ ಸೇವೆ ವಿಭಾಗದಲ್ಲಿ ವಿಚಾರಿಸಿ, ಅವರು ದಾರಿ ತೋರಿಸುತ್ತಾರೆ. ರೈಲಿಗೆ ರಿಯಾಯಿತಿ ಉಂಟು. ಆಸ್ಪತ್ರೆಯವರು ಫಾರ್ಮ್ ತುಂಬಿ ಸಹಿ ಹಾಕಿ ಕೊಟ್ಟರೆ ಸ್ಲೀಪರ್, ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ 75 ಪರ್ಸೆಂಟ್.

ಡೊಂಬಿವಲಿ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಲಾನಿಂಗ್‌ಗೆ ಸಿ.ಟಿ. ಸ್ಕ್ಯಾನ್ ಆಯಿತು, ಸೋಮವಾರದಿಂದ ಶುರು. ಪ್ರೋಟಾನ್ ಕೇಳಿದೆವು, ಇವರಿಗೆ ಅಗತ್ಯ ಇಲ್ಲ ಅಂದ್ರು. ಬೂಸ್ಟ್ ಐದು ಸಿಟಿಂಗ್ ಸೇರಿಸಿದ್ದಾರೆ. ಅದಕ್ಕೆ ಮಾವನವರಿಗೆ ಸ್ವಲ್ಪ ಸಮಾಧಾನ, 20 ಆಯಿತಲ್ಲ ಅಂತ. ಉಸಿರು ಹಿಡಿಯುವ ಅಭ್ಯಾಸ ನಡೆದಿದೆ, ಮಗಳೂ ಜೊತೆಗೆ ಕೆನ್ನೆ ಉಬ್ಬಿಸಿಕೊಂಡು ಕೂರುತ್ತಾಳೆ. ಇನ್ನೊಂದೇ ಪ್ರಶ್ನೆ. ದಿನಾ ದಾದರಿಗೆ ಲೋಕಲ್‌ನಲ್ಲೇ ಹೋಗಬೇಕು, ಟ್ಯಾಕ್ಸಿ ನಮಗೆ ಏಳದು. ಬೆಳಗಿನ ರಶ್ಶಿನಲ್ಲಿ ಯಾವ ಡಬ್ಬಿ ಹತ್ತಿಸಲಿ?

ಕಾಪು ಅಕ್ಕ:
ಅಂಗವಿಕಲರ ಡಬ್ಬಿ. ಕ್ಯಾನ್ಸರ್ ಪೇಷೆಂಟಿಗೂ ಬಸುರಿಯರಿಗೂ ಅದರಲ್ಲಿ ಅವಕಾಶ ಇದೆ. ನೋಡಲು ಚೆನ್ನಾಗಿದ್ದೀರಲ್ಲ, ಇಳಿಯಿರಿ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಸ್ಪತ್ರೆಯ ಕಾರ್ಡು ಕುತ್ತಿಗೆಗೆ ಹಾಕಿಕೊಂಡೇ ಹತ್ತಲಿ. ಸಾಧ್ಯವಾದರೆ 11ರ ಮೇಲಿನ ಸ್ಲಾಟ್ ಕೇಳಿ ನೋಡಿ. ಕೊಟ್ಟರೆ ಕೊಟ್ಟರು. ಎಡಗಡೆ ಯಾರೂ ತಾಗದ ಹಾಗೆ ಕಿಟಕಿ ಬದಿ ಕೂರಿಸಿ.